'ಬ್ಲೂ ಮೂನ್'ಗೆ ಕನ್ನಡದಲ್ಲಿ ಯಾವ ಮಾತು: ಅಪರೂಪವೋ, ಅಮಾವಾಸ್ಯೆ-ಹುಣ್ಣಿಮೆಯೋ?

'ಒನ್ಸ್ ಇನ್ ಎ ಬ್ಲೂ ಮೂನ್' ಎಂಬ ಇಂಗ್ಲಿಷ್ ಮಾತನ್ನು ಕನ್ನಡದಲ್ಲಿ ಹೇಗೆ ಹೇಳಬೇಕು ಎಂದು ಈಚೆಗೆ ಒಂದೇ ತಿಂಗಳಲ್ಲಿ ಮೂವರು ನನ್ನನ್ನು ಕೇಳಿದರು. ಮೊದಲನೆಯವಳು ಕೋರಮಂಗಲದ ಒಂದು ಕಚೇರಿಯಲ್ಲಿ ಮೊಬೈಲ್ ಆ್ಯಪ್‌ಗಳ ಪಠ್ಯವನ್ನು ಕನ್ನಡಕ್ಕೆ ತರುವ ಹುಡುಗಿ. ಎರಡನೆಯವರು ನಮ್ಮ ಎದುರುಮನೆಯ ಮೇಷ್ಟ್ರು, ಹತ್ತನೆಯ ತರಗತಿಯ ಮಕ್ಕಳಿಗೆ ಇಂಗ್ಲಿಷ್ ಹೇಳಿಕೊಡುವವರು. ಮೂರನೆಯವನು ಹೊರಭಾಷೆಯ ಧಾರಾವಾಹಿಗಳಿಗೆ ಕನ್ನಡ ಸಬ್‌ಟೈಟಲ್ ಬರೆದು ಬದುಕುವ ನನ್ನ ಗೆಳೆಯ. ಮೂವರ ಕೈಯಲ್ಲೂ ನಿಘಂಟು ಇತ್ತು, ನಿಘಂಟಿನಲ್ಲಿ ಅರ್ಥವೂ ಇತ್ತು. ಆದರೆ ಕನ್ನಡದಲ್ಲಿ ಈ ಅರ್ಥಕ್ಕೆ ಒಂದಲ್ಲ, ಐದಾರು ಮಾತುಗಳಿವೆ, ಮತ್ತು ಅವುಗಳಲ್ಲಿ ಒಂದರ ಜಾಗದಲ್ಲಿ ಇನ್ನೊಂದನ್ನು ಇಟ್ಟರೆ ವಾಕ್ಯದ ಮುಖವೇ ಬೇರೆಯಾಗುತ್ತದೆ. ಮೂವರೂ ತೊಡಕಿಗೆ ಸಿಕ್ಕಿದ್ದು ಅಲ್ಲಿಯೇ. ಭಾಷಾಂತರ ಮತ್ತು ಕರಡು ತಿದ್ದುವ ಕೆಲಸದಲ್ಲಿ ಬಹಳ ಕಾಲ ಕಳೆದಿರುವ ನಾನು ಇದೇ ಮಾತಿನಲ್ಲಿ ಒಮ್ಮೆ ಚೆನ್ನಾಗಿ ಪೆಟ್ಟು ತಿಂದವನಾದ್ದರಿಂದ, ಆಯ್ಕೆಗಳನ್ನು ಒಂದೊಂದಾಗಿ ತೂಗಿ ನೋಡುವುದು ಒಳ್ಳೆಯದೆನಿಸಿತು.

ಮೊದಲು ಅರ್ಥವನ್ನು ಗಟ್ಟಿ ಮಾಡಿಕೊಳ್ಳೋಣ. ಈ ಮಾತು 'ತೀರಾ ಅಪರೂಪಕ್ಕೆ' ಎನ್ನುತ್ತದೆಯೇ ಹೊರತು 'ಎಂದೂ ಇಲ್ಲ' ಎನ್ನುವುದಿಲ್ಲ. ನೀಲಿ ಚಂದ್ರನ ಹಳೆಯ ಬಳಕೆಯಲ್ಲಿ ಮಾತ್ರ ಅಸಂಭವದ ಅರ್ಥವಿತ್ತು. 1528ರ ಒಂದು ಇಂಗ್ಲಿಷ್ ಮುದ್ರಿತ ಪದ್ಯ, ಪಾದ್ರಿಗಳು ಚಂದ್ರ ನೀಲಿ ಎಂದರೆ ನಾವೂ ಅದನ್ನೇ ನಿಜವೆಂದು ನಂಬಬೇಕಂತೆ ಎಂದು ಕುಟುಕುತ್ತದೆ. ಅದು ನಮ್ಮ 'ತಾನು ಹಿಡಿದ ಮೊಲಕ್ಕೆ ಮೂರೇ ಕಾಲು' ಎಂಬ ಗಾದೆಯ ಜಾತಿಗೆ ಸೇರಿದ ಮಾತು. ಮುಂದೆ ಅಸಂಭವ ಎಂಬುದು ನಿಧಾನವಾಗಿ ಅಪರೂಪ ಎಂಬುದಕ್ಕೆ ಇಳಿಯಿತು. 1821ರಲ್ಲಿ ಲಂಡನ್ನಿನಲ್ಲಿ ಅಚ್ಚಾದ ಒಂದು ಪುಸ್ತಕದಲ್ಲಿ ಎಷ್ಟೋ ದಿನದ ಮೇಲೆ ಎದುರಾದ ಗೆಳೆಯನನ್ನು 'ಈ ಬ್ಲೂ ಮೂನ್‌ನಿಂದ ನಿಮ್ಮನ್ನು ನೋಡಿಯೇ ಇಲ್ಲ' ಎಂಬ ಧಾಟಿಯಲ್ಲಿ ಮಾತನಾಡಿಸುತ್ತಾರೆ. ಬಸವನಗುಡಿಯ ಗಾಂಧಿ ಬಜಾರಿನಲ್ಲಿ ಹೂವು ಕೊಳ್ಳುತ್ತಾ ನಿಂತ ಪರಿಚಯಸ್ಥರನ್ನು ಕಂಡಾಗ ನಾವು 'ಏನ್ರೀ, ಅಪರೂಪ ಆಗ್ಬಿಟ್ರಿ' ಎನ್ನುತ್ತೇವಲ್ಲ, ಹೆಚ್ಚು ಕಡಿಮೆ ಅದೇ. ಆದ್ದರಿಂದ 'ಮೊಲದ ಕೊಂಬು', 'ಗಗನಕುಸುಮ' ಮೊದಲಾದ ಇಲ್ಲದ್ದನ್ನು ಸೂಚಿಸುವ ಮಾತುಗಳನ್ನು ಈ ಹೋಲಿಕೆಯಿಂದ ಆರಂಭದಲ್ಲೇ ಕೈಬಿಡುತ್ತೇನೆ. ಎದುರುಮನೆಯ ಮೇಷ್ಟ್ರ ಶಿಷ್ಯನೊಬ್ಬ ಉತ್ತರಪತ್ರಿಕೆಯಲ್ಲಿ 'ಗಗನಕುಸುಮದಂತೆ ನಮ್ಮ ಚಿಕ್ಕಪ್ಪ ಮನೆಗೆ ಬರುತ್ತಾರೆ' ಎಂದು ಬರೆದಿದ್ದನಂತೆ. ವಾಕ್ಯ ಸುಂದರವಾಗಿದೆ, ಆದರೆ ಚಿಕ್ಕಪ್ಪ ಬರುವುದೇ ಇಲ್ಲ ಎಂದಾಯಿತು.

ತೂಗುವುದಕ್ಕೆ ಮುನ್ನ ತಕ್ಕಡಿ

ಯಾವ ಮಾತು ಒಳ್ಳೆಯದು ಎಂದು ಕೇಳುವ ಮೊದಲು ನಾಲ್ಕು ವಿಷಯಗಳನ್ನು ಕೇಳಿಕೊಳ್ಳಬೇಕು. ಸಂಗತಿ ನಿಜವಾಗಿ ಎಷ್ಟು ಅಪರೂಪದ್ದು, ತಿಂಗಳಿಗೊಮ್ಮೆಯದೋ, ಹತ್ತು ವರ್ಷಕ್ಕೊಮ್ಮೆಯದೋ ಎಂಬುದು ಮೊದಲನೆಯದು. ಹೇಳುವವರ ಮನಸ್ಸಿನಲ್ಲಿರುವುದು ದೂರೋ, ಅಕ್ಕರೆಯೋ, ಬರಿಯ ಮಾಹಿತಿಯೋ ಎಂಬುದು ಎರಡನೆಯದು; ಮಿಕ್ಕ ಮೂರನ್ನೂ ಸೇರಿಸಿದರೂ ಇದರ ತೂಕವೇ ಹೆಚ್ಚೆಂದು ನನ್ನ ಅನುಭವ. ಓದುವವರು ಮಾತನ್ನು ಅಕ್ಷರಶಃ ತೆಗೆದುಕೊಂಡು ಹಾಗೆಯೇ ನಡೆದುಕೊಳ್ಳುವ ಸಂಭವವಿದೆಯೇ ಎಂಬುದು ಮೂರನೆಯದು. ಕೊನೆಯದು ಜಾಗದ ಬಜೆಟ್. ಆ್ಯಪ್‌ನ ಗುಂಡಿಯ ಮೇಲೆ ಎರಡು ಪದ ಹಿಡಿದರೆ ಹೆಚ್ಚು, ಸಬ್‌ಟೈಟಲ್ ಪರದೆಯ ಮೇಲೆ ಎರಡು ಮೂರು ಸೆಕೆಂಡು ನಿಂತು ಹೋಗುತ್ತದೆ; ಭಾಷಣದಲ್ಲಿಯೋ ಲಲಿತ ಪ್ರಬಂಧದಲ್ಲಿಯೋ ಆದರೆ ಕೈ ಬಿಚ್ಚಿ ಖರ್ಚು ಮಾಡಬಹುದು.

'ಅಪರೂಪಕ್ಕೆ': ಕಡಿಮೆ ಖರ್ಚು, ಕಡಿಮೆ ಅಪಾಯ

'ಅಪರೂಪಕ್ಕೆ' ಅಥವಾ 'ಅಪರೂಪಕ್ಕೊಮ್ಮೆ' ಎಂಬ ಒಂದೇ ಪದ ಹತ್ತರಲ್ಲಿ ಏಳು ಸಂದರ್ಭಗಳನ್ನು ನಿಭಾಯಿಸುತ್ತದೆ. ಬೀದರಿನಿಂದ ಚಾಮರಾಜನಗರದವರೆಗೆ ಯಾರಿಗೂ ಅರ್ಥ ಹೇಳಬೇಕಾಗಿಲ್ಲ. ಬರವಣಿಗೆಯಲ್ಲಿಯೂ ಮಾತಿನಲ್ಲಿಯೂ ಸಲ್ಲುತ್ತದೆ, ಜಾಗವೂ ಕಡಿಮೆ ಸಾಕು. ಸಾಲದೆನಿಸಿದರೆ ಹಿಂದೆ ಒಂದು 'ತೀರಾ' ಅಥವಾ 'ಬಲು' ಸೇರಿಸಿದರೆ ಆಯಿತು. ಇನ್ನೊಂದು ಗುಣವನ್ನು ಬಹಳ ಮಂದಿ ಗಮನಿಸುವುದಿಲ್ಲ: ಕನ್ನಡದಲ್ಲಿ 'ಅಪರೂಪ' ಎಂದರೆ ಸಾಮಾನ್ಯವಾಗಿ ಬೆಲೆಯುಳ್ಳದ್ದು. ಅಪರೂಪದ ಅತಿಥಿ, ಅಪರೂಪದ ಮನುಷ್ಯ, ಅಪರೂಪಕ್ಕೆ ಹುಟ್ಟಿದ ಮಗು ಎನ್ನುವಾಗ ಎಲ್ಲೆಡೆಯೂ ಅದಕ್ಕೆ ಒಂದು ಮಣೆ ಹಾಕಿ ಕೂರಿಸಿದಂತಿರುತ್ತದೆ.

ಈ ಗುಣವೇ ಅದರ ಮಿತಿಯೂ ಹೌದು. 'ನಮ್ಮ ಬೀದಿಗೆ ಕಸದ ಗಾಡಿ ಅಪರೂಪಕ್ಕೆ ಬರುತ್ತದೆ' ಎಂದರೆ ವ್ಯಾಕರಣದಲ್ಲಿ ತಪ್ಪೇನೂ ಇಲ್ಲ, ಆದರೆ ಕಸದ ಡಬ್ಬಿ ಹಿಡಿದು ಗೇಟಿನಲ್ಲಿ ನಿಂತವರ ಸಿಟ್ಟು ಅದರಲ್ಲಿ ಇಲ್ಲ. ಕೋರಮಂಗಲದ ಹುಡುಗಿಯ ವಾಕ್ಯಕ್ಕಾದರೋ ಇದಕ್ಕಿಂತ ಒಳ್ಳೆಯ ಮಾತು ಇರಲಿಲ್ಲ. ಆ ಆ್ಯಪ್ ತನ್ನ ಬಳಕೆದಾರರಿಗೆ 'ನಾವು ನಿಮಗೆ ಸಂದೇಶ ಕಳಿಸುವುದು ಬ್ಲೂ ಮೂನ್‌ಗೊಮ್ಮೆ ಮಾತ್ರ' ಎಂದು ಭರವಸೆ ಕೊಡುತ್ತಿತ್ತು. 'ತೀರಾ ಅಪರೂಪಕ್ಕೆ ಮಾತ್ರ ಸಂದೇಶ ಕಳಿಸುತ್ತೇವೆ' ಎಂದು ಬರೆದರೆ ಭರವಸೆ ಭರವಸೆಯಾಗಿಯೇ ಉಳಿಯುತ್ತದೆ. ಅವಳು ಮೊದಲು ಬರೆದಿದ್ದ 'ಅಮಾವಾಸ್ಯೆಗೊಮ್ಮೆ ಹುಣ್ಣಿಮೆಗೊಮ್ಮೆ ಕಳಿಸುತ್ತೇವೆ' ಎಂಬುದನ್ನು ಓದಿದರೆ ಕಂಪನಿ ತನ್ನನ್ನು ತಾನೇ ಬೈದುಕೊಂಡಂತೆ ಕೇಳುತ್ತಿತ್ತು. ಹಾಗೇಕೆ ಕೇಳುತ್ತದೆ ಎಂಬುದನ್ನು ನೋಡುವುದಕ್ಕೆ ಆ ಮಾತಿನ ಹತ್ತಿರ ಸ್ವಲ್ಪ ಹೊತ್ತು ಕೂರಬೇಕು.

'ಅಮಾವಾಸ್ಯೆಗೊಮ್ಮೆ ಹುಣ್ಣಿಮೆಗೊಮ್ಮೆ': ಒಳಗಿರುವ ಆಕ್ಷೇಪ

ಕನ್ನಡದಲ್ಲಿ ಬ್ಲೂ ಮೂನ್‌ಗೆ ಹತ್ತಿರದ ನೆಂಟ ಯಾರು ಎಂದು ಕೇಳಿದರೆ ಎಲ್ಲರ ಬಾಯಲ್ಲೂ ಮೊದಲು ಬರುವುದು ಇದೇ. ಅಲ್ಲಿಯೂ ಚಂದ್ರ, ಇಲ್ಲಿಯೂ ಚಂದ್ರ. ಬೆಂಗಳೂರು, ಮಂಡ್ಯದ ಕಡೆ 'ಅಮಾಸೆಗೊಂದ್ಸಲ ಹುಣ್ಮೆಗೊಂದ್ಸಲ' ಎಂದೂ ಧಾರವಾಡದ ಕಡೆ 'ಅಮಾಸಿಗೊಮ್ಮೆ ಹುಣ್ಣಿವಿಗೊಮ್ಮೆ' ಎಂದೂ ಉಚ್ಚಾರ ಬದಲಾಗುತ್ತದೆ, ಮಾತು ಅದೇ. ಆದರೆ ಲೆಕ್ಕ ಹಾಕಿದರೆ ಒಂದು ವಿಚಿತ್ರ ಕಾಣುತ್ತದೆ. ಒಂದು ಅಮಾವಾಸ್ಯೆಯಿಂದ ಮುಂದಿನದಕ್ಕೆ ಸರಾಸರಿ 29.53 ದಿನ, ಅಂದರೆ ಅಮಾವಾಸ್ಯೆಗೊಮ್ಮೆ, ಹುಣ್ಣಿಮೆಗೊಮ್ಮೆ ಎಂದರೆ ಹದಿನೈದು ದಿನಕ್ಕೊಮ್ಮೆ. ಇಂಗ್ಲಿಷಿನ ಬ್ಲೂ ಮೂನ್ ಎಂದು ಇಂದು ಕರೆಯುವ ಹುಣ್ಣಿಮೆ ಸರಾಸರಿ ಎರಡು ಮುಕ್ಕಾಲು ವರ್ಷಕ್ಕೊಮ್ಮೆ ಬರುತ್ತದೆ. ಆ ಅವಧಿಯಲ್ಲಿ ನಮ್ಮ ಲೆಕ್ಕದ ಸುಮಾರು 67 ಪಕ್ಷಗಳು ಕಳೆದಿರುತ್ತವೆ. ಅಕ್ಷರಶಃ ನೋಡಿದರೆ ಈ ಎರಡು ಮಾತುಗಳ ನಡುವೆ ನೆಂಟಸ್ತಿಕೆಯೇ ಇಲ್ಲ.

ಹಾಗಿದ್ದರೂ ಹದಿನೈದು ದಿನಕ್ಕೊಮ್ಮೆ ಎನ್ನುವುದು 'ಬಹಳ ವಿರಳ' ಎಂಬ ಅರ್ಥ ಕೊಡುವುದು ಹೇಗೆ? ನನಗೆ ತೋಚುವ ಉತ್ತರ ಇದು: ಈ ಮಾತು ಕಾಲವನ್ನು ಅಳೆಯುವುದಿಲ್ಲ, ನಿರೀಕ್ಷೆಗೂ ನಡೆದದ್ದಕ್ಕೂ ನಡುವಿನ ದೂರವನ್ನು ಅಳೆಯುತ್ತದೆ. ದಿನವೂ ಬರಬೇಕಾದ ಕಸದ ಗಾಡಿ, ದಿನವೂ ಮಾಡಬೇಕಾದ ವ್ಯಾಯಾಮ, ವಾರಕ್ಕೆರಡು ಸಲವಾದರೂ ಮಾಡಬೇಕಾದ ಫೋನ್ ಇವೆಲ್ಲ ಹದಿನೈದು ದಿನಕ್ಕೊಮ್ಮೆ ಆದರೆ ಅದು ದೂರಿಗೆ ತಕ್ಕ ಸಂಗತಿ. ಸೋದರಮಾವ ಅಮೆರಿಕದಿಂದ ಹದಿನೈದು ದಿನಕ್ಕೊಮ್ಮೆ ಬಂದರೆ ಅದನ್ನು ಯಾರೂ ಅಪರೂಪ ಎನ್ನುವುದಿಲ್ಲ, ಅವರ ಟಿಕೆಟ್ಟಿನ ಖರ್ಚು ಯಾರದೆಂದು ಕೇಳುತ್ತಾರೆ. ಆದ್ದರಿಂದ ಹೆಚ್ಚು ಸಲ ಆಗಬೇಕಿತ್ತು ಎಂಬ ಆಕ್ಷೇಪ ಇರುವಲ್ಲಿ ಈ ಮಾತು ಚೂರಿಯ ಹಾಗೆ ಕೆಲಸ ಮಾಡುತ್ತದೆ. ಆಕ್ಷೇಪ ಇಲ್ಲದ ಕಡೆ ಇಟ್ಟರೆ ಇಲ್ಲದ ಆಕ್ಷೇಪವನ್ನು ತಾನೇ ಹುಟ್ಟಿಸುತ್ತದೆ. ಇಂಗ್ಲಿಷಿನ ಬ್ಲೂ ಮೂನ್‌ಗೆ ಈ ಹಂಗಿಲ್ಲ; 'ಬ್ಲೂ ಮೂನ್‌ಗೊಮ್ಮೆ ಸಿಹಿ ತಿನ್ನುತ್ತೇನೆ' ಎಂದು ಅಲ್ಲಿ ಹೆಮ್ಮೆಯಿಂದಲೂ ಹೇಳಬಹುದು, ಬೇಸರದಿಂದಲೂ ಹೇಳಬಹುದು.

ಇದನ್ನು ನಾನು ಪುಸ್ತಕದಿಂದ ಕಲಿಯಲಿಲ್ಲ. ಹಲವು ವರ್ಷಗಳ ಹಿಂದೆ ಅಡುಗೆಮನೆಯ ಒಂದು ಯಂತ್ರದ ಬಳಕೆ ಕೈಪಿಡಿಯನ್ನು ಕನ್ನಡಕ್ಕೆ ತರುವ ಕೆಲಸ ಬಂದಿತ್ತು. ಯಂತ್ರದ ತಳದ ಒಂದು ಜಾಲರಿಯನ್ನು ಬ್ಲೂ ಮೂನ್‌ಗೊಮ್ಮೆ ಬಿಚ್ಚಿ ತೊಳೆದರೆ ಸಾಕು ಎಂದು ಇಂಗ್ಲಿಷ್ ಕೈಪಿಡಿ ಲಘುವಾಗಿ ಹೇಳಿತ್ತು. ಕೈಪಿಡಿಯಲ್ಲಿ ಇಂಥ ಚೆಲ್ಲಾಟ ಮಾಡಬಾರದು ಎಂದು ನನಗೆ ಆಗ ತಿಳಿಯಲಿಲ್ಲ. ತಿಳಿಯದಿದ್ದರೂ ಪರವಾಗಿಲ್ಲ, ನಾನು ಅದರ ಮೇಲೆ ಉತ್ಸಾಹದಿಂದ 'ಅಮಾವಾಸ್ಯೆಗೊಮ್ಮೆ ಹುಣ್ಣಿಮೆಗೊಮ್ಮೆ ತೊಳೆದರೆ ಸಾಕು' ಎಂದು ಬರೆದೆ. ಕೈಪಿಡಿ ಅಚ್ಚಾಯಿತು. ಕೆಲವು ತಿಂಗಳ ಮೇಲೆ ಅಂಗಡಿಯ ಕಡೆಯವರು ಫೋನ್ ಮಾಡಿ, ಜನ ಅಮಾವಾಸ್ಯೆ ಬಂತೆಂದರೆ ಸ್ಕ್ರೂಡ್ರೈವರ್ ಹಿಡಿದು ಕೂರುತ್ತಿದ್ದಾರೆ, ಪದೇ ಪದೇ ಬಿಚ್ಚಿ ಜಾಲರಿಯ ಅಂಚು ಸವೆದುಹೋಗುತ್ತಿದೆ ಎಂದರು. ಬೆಂಗಳೂರಿನಲ್ಲಿ ಅಮಾವಾಸ್ಯೆಯ ದಿನ ಸ್ಕೂಟರಿಗೂ ಲಾರಿಗೂ ಅಂಗಡಿಯ ಯಂತ್ರಕ್ಕೂ ನಿಂಬೆಹಣ್ಣು, ಕುಂಬಳಕಾಯಿ ಇಟ್ಟು ಪೂಜೆ ಮಾಡುವ ರೂಢಿ ಇರುವುದರಿಂದ ಜನರಿಗೆ ನನ್ನ ವಾಕ್ಯ ಅಸಹಜವಾಗಿಯೇನೂ ಕಂಡಿರಲಿಲ್ಲ. ಒಬ್ಬ ಅಜ್ಜಿಯಂತೂ ಜಾಲರಿ ತೊಳೆಯುವುದು ಪೂಜೆಗೆ ಮುಂಚೆಯೋ ಆಮೇಲೋ ಎಂದು ವಿಚಾರಿಸಿದ್ದರಂತೆ. ತಪ್ಪು ಅವರದಲ್ಲ. ಅಮಾವಾಸ್ಯೆಯನ್ನು ಕ್ಯಾಲೆಂಡರಿನಲ್ಲಿ ನೋಡಿ ನಡೆಯುವ ಮನೆಗೆ ಅಮಾವಾಸ್ಯೆಯ ಹೆಸರಿನಲ್ಲಿ ನುಡಿಗಟ್ಟು ಕಳಿಸಿದವನು ನಾನು.

ಇನ್ನೊಂದು ಎಚ್ಚರಿಕೆ ಸಂದರ್ಭದ್ದು. ಮದುವೆಯ ಕರೆಯೋಲೆ, ಗೃಹಪ್ರವೇಶದ ಸ್ವಾಗತ ಭಾಷಣ, ಸಂತಾಪದ ಪತ್ರ ಇಂಥ ಕಡೆ ಅಮಾವಾಸ್ಯೆಯ ಹೆಸರನ್ನು ಹಿರಿಯರ ಮುಂದೆ ಎತ್ತದಿರುವುದು ಕ್ಷೇಮ. ಗೆಳೆಯರ ನಡುವೆ, ಅಂಕಣದಲ್ಲಿ, ನಾಟಕದ ಸಂಭಾಷಣೆಯಲ್ಲಿ ಧಾರಾಳವಾಗಿ ಬಳಸಿ.

ನಡುವಿನ ಸಣ್ಣ ಮಾತುಗಳು

'ಆಗೊಮ್ಮೆ ಈಗೊಮ್ಮೆ' ಎಂಬುದನ್ನು ಕೆಲವರು ಬ್ಲೂ ಮೂನ್‌ಗೆ ಹೊಂದಿಸುತ್ತಾರೆ, ಅದು ಸರಿಯಲ್ಲ. ಅದರಲ್ಲಿ ವಿರಳತೆ ಸಾಲದು, ತಿಂಗಳಿಗೆ ನಾಲ್ಕು ಸಲ ಸಿನಿಮಾ ನೋಡುವವರೂ ಆಗೊಮ್ಮೆ ಈಗೊಮ್ಮೆ ನೋಡುತ್ತೇನೆ ಎನ್ನುತ್ತಾರೆ. 'ಯಾವಾಗಲೋ ಒಂದು ಸಲ', 'ಎಂದೋ ಒಮ್ಮೆ' ಸ್ವಲ್ಪ ವಾಸಿ. ಅವುಗಳಲ್ಲಿ ಅನಿಶ್ಚಿತತೆ ಇದೆ, ಬಣ್ಣ ಇಲ್ಲ. ಮೂಲದಲ್ಲಿ ನುಡಿಗಟ್ಟು ಯಾವ ಮುಖ್ಯ ಕೆಲಸವನ್ನೂ ಮಾಡದೆ ವಾಕ್ಯದ ಅಂಚಿನಲ್ಲಿ ಸುಮ್ಮನೆ ನಿಂತಿದ್ದರೆ ಇವು ಸಾಕು.

ನೇರವಾಗಿ ಅಂಕಿ ಹೇಳುವುದು

ನುಡಿಗಟ್ಟನ್ನು ಬಿಟ್ಟು ಸಂಖ್ಯೆಗೆ ಹೋಗುವುದು ಸೋಲು ಎಂದು ಭಾಷಾಂತರಕಾರರು ತಿಳಿದಿರುತ್ತಾರೆ. ಕೈಪಿಡಿ, ಔಷಧಿಯ ಚೀಟಿ, ಬಾಡಿಗೆ ಕರಾರು, ಅಪಾರ್ಟ್‌ಮೆಂಟಿನ ಸೂಚನಾ ಫಲಕ ಇವುಗಳಲ್ಲಿ ಅದಕ್ಕಿಂತ ಒಳ್ಳೆಯ ಆಯ್ಕೆ ಇಲ್ಲ. ನಾನು ಆ ಜಾಲರಿಯ ವಾಕ್ಯಕ್ಕೆ ಮೊದಲೇ ತಯಾರಕರನ್ನು ಕೇಳಿ 'ಎರಡು ವರ್ಷಕ್ಕೊಮ್ಮೆ' ಎಂದು ಬರೆದಿದ್ದರೆ ಅಜ್ಜಿಗೆ ಅಷ್ಟು ಶ್ರಮ ಆಗುತ್ತಿರಲಿಲ್ಲ. ಇದರ ಬೆಲೆ ಏನೆಂದರೆ ಮೊದಲು ಸಂಗತಿಯನ್ನು ವಿಚಾರಿಸಿ ತಿಳಿಯಬೇಕು. ನುಡಿಗಟ್ಟಿನ ಹಿಂದೆ ಅಡಗಿಕೊಳ್ಳಲು ಆಗುವುದಿಲ್ಲ.

ಅಂಕಿಗೆ ಬಗ್ಗುವ ಸಂಗತಿಗಳಿಗೆ ಬ್ಲೂ ಮೂನ್ ಅಂಟಿಸುವ ಚಾಳಿಯೂ ನಮ್ಮ ಊರಿನಲ್ಲಿ ಹೆಚ್ಚು. ಬೆಂಗಳೂರಿನಲ್ಲಿ ಏಪ್ರಿಲ್ 24ರ ಆಸುಪಾಸು ಒಮ್ಮೆ, ಆಗಸ್ಟ್ 18ರ ಆಸುಪಾಸು ಇನ್ನೊಮ್ಮೆ ನಡುಮಧ್ಯಾಹ್ನದ ಸೂರ್ಯ ನೆತ್ತಿಯ ಮೇಲೆಯೇ ನಿಂತು ನೆಟ್ಟ ಕೋಲಿಗೆ ನೆರಳಿಲ್ಲದಂತಾಗುತ್ತದೆ. ವರ್ಷಕ್ಕೆ ಎರಡು ಸಲ, ದಿನ ಗೊತ್ತಿದ್ದು ಬರುವ ಸಂಗತಿ ಇದು. ಚೈತ್ರ ಹುಣ್ಣಿಮೆಯ ರಾತ್ರಿ ತಿಗಳರ ಪೇಟೆಯಿಂದ ಹೊರಡುವ ಕರಗ, ಕಡೆಯ ಕಾರ್ತಿಕ ಸೋಮವಾರದ ಕಡಲೆಕಾಯಿ ಪರಿಷೆ, ಸಂಕ್ರಾಂತಿಯ ಸಂಜೆ ಗವಿಗಂಗಾಧರೇಶ್ವರನ ಗುಹೆಯೊಳಗೆ ಬೀಳುವ ಬಿಸಿಲು ಎಲ್ಲವೂ ವರ್ಷಕ್ಕೊಮ್ಮೆಯವು. ಇವುಗಳಿಗೆ 'ವರ್ಷಕ್ಕೊಮ್ಮೆ' ಎನ್ನುವುದೇ ಗೌರವ.

'ನೀಲಿ ಚಂದ್ರ' ಎಂದೇ ಬರೆಯುವುದು

ಪತ್ರಿಕೆಗಳಲ್ಲಿ 'ನೀಲಿ ಚಂದ್ರ' ಎಂಬ ಪದ ಈಗ ಬಳಕೆಯಲ್ಲಿದೆ, ಖಗೋಳದ ಸುದ್ದಿ ಬರೆಯುವವರಿಗೆ ಅದು ಬೇಕೇ ಬೇಕು. ನುಡಿಗಟ್ಟಿನ ಜಾಗದಲ್ಲಿ 'ನೀಲಿ ಚಂದ್ರನಲ್ಲಿ ಒಮ್ಮೆ' ಎಂದು ಬರೆದರೆ ಮಾತ್ರ ಕನ್ನಡ ಓದುಗನಿಗೆ ಏನೂ ಹೊಳೆಯುವುದಿಲ್ಲ. ಚಂದ್ರನ ಒಳಗೆ ಏನೋ ನಡೆಯಿತೇನೋ ಎಂದುಕೊಳ್ಳುತ್ತಾನೆ. ಸುದ್ದಿ ಬರೆಯುವವರಾದರೆ ಸ್ವಲ್ಪ ಹಿನ್ನೆಲೆ ತಿಳಿದಿರಬೇಕು, ಏಕೆಂದರೆ ಆ ಹೆಸರಿನ ಒಳಗೇ ಒಂದು ಹಳೆಯ ತಪ್ಪು ಕುಳಿತಿದೆ.

ಅಮೆರಿಕದ ಮೇಯ್ನ್ ರಾಜ್ಯದ ರೈತ ಪಂಚಾಂಗವು ಒಂದು ಋತುವಿನಲ್ಲಿ ಮೂರರ ಬದಲು ನಾಲ್ಕು ಹುಣ್ಣಿಮೆ ಬಂದಾಗ ಮೂರನೆಯದನ್ನು ಬ್ಲೂ ಮೂನ್ ಎನ್ನುತ್ತಿತ್ತು. 1946ರಲ್ಲಿ ಜೇಮ್ಸ್ ಹ್ಯೂ ಪ್ರುಯೆಟ್ ಎಂಬ ಹವ್ಯಾಸಿ ಖಗೋಳವೀಕ್ಷಕರು 'ಸ್ಕೈ ಅಂಡ್ ಟೆಲಿಸ್ಕೋಪ್' ಪತ್ರಿಕೆಯಲ್ಲಿ ಅದನ್ನು ತಪ್ಪಾಗಿ ಗ್ರಹಿಸಿ, ಒಂದೇ ತಿಂಗಳಲ್ಲಿ ಬರುವ ಎರಡನೆಯ ಹುಣ್ಣಿಮೆ ಎಂದು ಬರೆದರು. ಪತ್ರಿಕೆ 1999ರಲ್ಲಿ ತಪ್ಪನ್ನು ಒಪ್ಪಿಕೊಂಡಿತು, ಅಷ್ಟರಲ್ಲಿ ಜಗತ್ತು ತಪ್ಪನ್ನೇ ಅಪ್ಪಿಕೊಂಡಿತ್ತು. ಬಣ್ಣಕ್ಕೂ ಈ ಎರಡು ಲೆಕ್ಕಗಳಿಗೂ ಸಂಬಂಧವಿಲ್ಲ. ಚಂದ್ರ ನಿಜವಾಗಿ ನೀಲಿಯಾಗಿ ಕಂಡದ್ದು ಬೇರೆ ಕಾರಣಕ್ಕೆ: 1883ರಲ್ಲಿ ಇಂಡೊನೇಷ್ಯಾದ ಕ್ರಕಟೋವಾ ಜ್ವಾಲಾಮುಖಿ ಸಿಡಿದ ಮೇಲೆ, ಮತ್ತೆ 1950ರ ಸೆಪ್ಟೆಂಬರಿನಲ್ಲಿ ಕೆನಡಾದ ಕಾಡ್ಗಿಚ್ಚಿನ ಹೊಗೆ ಬ್ರಿಟನ್ನಿನವರೆಗೆ ತೇಲಿಬಂದಾಗ. ಗಾಳಿಯಲ್ಲಿನ ಕಣಗಳು ಕೆಂಪು ಬೆಳಕಿನ ತರಂಗಾಂತರಕ್ಕಿಂತ ತುಸು ದೊಡ್ಡದಾಗಿ, ಒಂದೇ ಅಳತೆಯವಾಗಿ ಇದ್ದರೆ ಕೆಂಪನ್ನು ಚದುರಿಸಿ ನೀಲಿಯನ್ನು ನೇರ ಬಿಡುತ್ತವೆ. 2018ರ ಜನವರಿ 31ರ ಸಂಜೆ ಬೆಂಗಳೂರಿನಲ್ಲಿ ನಾವು ತಾರಸಿ ಹತ್ತಿ ಕಂಡ 'ನೀಲಿ ಚಂದ್ರ'ನಂತೂ ಗ್ರಹಣ ಹಿಡಿದೇ ಮೂಡಿ ತಾಮ್ರದ ಚೆಂಬಿನ ಬಣ್ಣದಲ್ಲಿದ್ದ. ಆ ವರ್ಷ ಫೆಬ್ರವರಿಯಲ್ಲಿ ಹುಣ್ಣಿಮೆಯೇ ಇರಲಿಲ್ಲ, ಮಾರ್ಚ್ 31ಕ್ಕೆ ಮತ್ತೊಂದು ಬ್ಲೂ ಮೂನ್.

ಕನ್ನಡ ಓದುಗರಿಗೆ ಇದನ್ನು ವಿವರಿಸಲು ಅಧಿಕಮಾಸಕ್ಕಿಂತ ಒಳ್ಳೆಯ ಬಾಗಿಲು ಇಲ್ಲ. ಹನ್ನೆರಡು ಚಾಂದ್ರಮಾಸಗಳಿಗೆ ಸುಮಾರು 354 ದಿನ, ಸೌರವರ್ಷಕ್ಕೆ 365. ವರ್ಷಕ್ಕೆ ಹನ್ನೊಂದು ದಿನ ಉಳಿಯುತ್ತದೆ. ಆ ಉಳಿಕೆ ಕೂಡಿಕೂಡಿ ಒಂದು ಚಾಂದ್ರಮಾಸದಷ್ಟಾದಾಗ ನಮ್ಮ ಪಂಚಾಂಗ ಒಂದು ತಿಂಗಳನ್ನೇ ಹೆಚ್ಚಿಗೆ ಸೇರಿಸುತ್ತದೆ, ಇಂಗ್ಲಿಷ್ ಕ್ಯಾಲೆಂಡರು ಒಂದು ತಿಂಗಳಿಗೆ ಎರಡು ಹುಣ್ಣಿಮೆ ಹೊರಿಸುತ್ತದೆ. 19 ವರ್ಷದಲ್ಲಿ 235 ಹುಣ್ಣಿಮೆ, 228 ತಿಂಗಳು; ಹೆಚ್ಚಾಗುವುದು ಏಳು. ಅಧಿಕಮಾಸವೂ 19 ವರ್ಷಕ್ಕೆ ಏಳು. 2023ರಲ್ಲಿ ಅಧಿಕ ಶ್ರಾವಣ ಬಂದ ವರ್ಷವೇ ಆಗಸ್ಟ್‌ನಲ್ಲಿ ಎರಡು ಹುಣ್ಣಿಮೆ ಬಂದವು. ಪೀಣ್ಯದ ಇಸ್ರೋ ಕೇಂದ್ರದಿಂದ ಚಂದ್ರಯಾನ-3 ಅನ್ನು ಚಂದ್ರನ ಮೇಲೆ ಇಳಿಸಿದ ಆಗಸ್ಟ್ 23 ಆ ಎರಡರ ನಡುವಿನದು. 2026ರಲ್ಲಿ ಮೇ 1 ಮತ್ತು ಮೇ 31 ಎರಡೂ ಹುಣ್ಣಿಮೆ, ಎರಡನೆಯದು ಬೀಳುವುದು ಅಧಿಕ ಜ್ಯೇಷ್ಠದಲ್ಲಿ. ಅಳತೆಯ ಮಟ್ಟಿಗೆ ಬ್ಲೂ ಮೂನ್‌ನ ನಿಜವಾದ ಸಮಾನ 'ಅಧಿಕಮಾಸಕ್ಕೊಮ್ಮೆ' ಎಂದಾಯಿತು. ಹಾಗೆ ಬರೆಯಬಹುದೇ? ನನಗೆ ಧೈರ್ಯ ಸಾಲದು. ಕನ್ನಡದಲ್ಲಿ ಅಧಿಕಮಾಸಕ್ಕೆ 'ಬರಗಾಲದಲ್ಲಿ ಅಧಿಕಮಾಸ' ಎಂಬ ಗಾದೆ ಅಂಟಿಕೊಂಡುಬಿಟ್ಟಿದೆ. ಕಷ್ಟದ ಮೇಲೆ ಕಷ್ಟ ಎಂಬ ಆ ನೆರಳು ಬಿಟ್ಟುಹೋಗುವುದಿಲ್ಲ. ಎದುರುಮನೆಯ ಮೇಷ್ಟ್ರಿಗೆ ಮಾತ್ರ ಈ ಲೆಕ್ಕ ಬಹಳ ಹಿಡಿಸಿತು. ಈಗ ಅವರು ಕರಿಹಲಗೆಯ ಮೇಲೆ 354, 365 ಬರೆದು ಕಳೆಯಿಸಿದ ಮೇಲೆಯೇ ನುಡಿಗಟ್ಟಿನ ಅರ್ಥ ಹೇಳುತ್ತಾರೆ. ಪಾಠ ಮಾಡುವವರಿಗೆ ಸಮಯದ ಬಜೆಟ್ ಇದ್ದರೆ ಇದು ಒಳ್ಳೆಯ ದಾರಿ, ಮಕ್ಕಳು ಮರೆಯುವುದಿಲ್ಲ.

ಇಂಗ್ಲಿಷನ್ನೇ ಉಳಿಸುವುದು, ಅಥವಾ ಹೊಸದನ್ನು ಕಟ್ಟುವುದು

'ಒನ್ಸ್ ಇನ್ ಎ ಬ್ಲೂ ಮೂನ್ ಸಿಗ್ತಾನೆ ಕಣೋ' ಎಂದು ಇಂದಿರಾನಗರದ ಕಾಫಿ ಅಂಗಡಿಯಲ್ಲಿ ಹುಡುಗರು ಆಡುವುದು ನಿಜವಾದ ಮಾತು. ಕಥೆಯಲ್ಲಿ ಅಂಥ ಪಾತ್ರ ಬಂದರೆ ಅದರ ಬಾಯಿಂದ ಇಂಗ್ಲಿಷನ್ನು ಕಿತ್ತು ಅಮಾವಾಸ್ಯೆ ತುರುಕುವುದು ಪಾತ್ರಕ್ಕೆ ಮಾಡುವ ಅನ್ಯಾಯ. ನಿರೂಪಕನ ಮಾತಿನಲ್ಲಿ, ಸುದ್ದಿಯಲ್ಲಿ, ಸರ್ಕಾರಿ ಪತ್ರದಲ್ಲಿ ಅದೇ ಮಾತು ಸೋಮಾರಿತನವಾಗಿ ಕಾಣುತ್ತದೆ.

ಜಾಗ ಧಾರಾಳವಾಗಿದ್ದರೆ ಊರಿನಿಂದಲೇ ಒಂದು ಹೋಲಿಕೆ ತೆಗೆಯಬಹುದು. ತಮಿಳಿನವರು 'ಅತ್ತಿ ಹೂ ಬಿಟ್ಟ ಹಾಗೆ' ಎನ್ನುತ್ತಾರೆ. ಅತ್ತಿಯ ಹೂವು ಕಾಯಿಯ ಒಳಗೇ ಇರುವುದರಿಂದ ಕಣ್ಣಿಗೆ ಬೀಳುವುದಿಲ್ಲ. ಶ್ರವಣಬೆಳಗೊಳದ ಮಹಾಮಸ್ತಕಾಭಿಷೇಕ ಹನ್ನೆರಡು ವರ್ಷಕ್ಕೊಮ್ಮೆ. ಹಿಂದಿನವು 2006 ಮತ್ತು 2018ರವು. 'ಮಸ್ತಕಾಭಿಷೇಕಕ್ಕೊಮ್ಮೆ ಮನೆಗೆ ಸುಣ್ಣ ಬಳಿಸುತ್ತಾರೆ' ಎಂದರೆ ಅತಿಶಯವೂ ನಗೆಯೂ ಒಟ್ಟಿಗೆ ಬರುತ್ತವೆ, ಆದರೆ ಬ್ಲೂ ಮೂನ್‌ಗಿಂತ ನಾಲ್ಕು ಪಟ್ಟು ವಿರಳವಾಯಿತು ಎಂಬುದು ನೆನಪಿರಲಿ. ಬೆಂಗಳೂರಿನ ಮನೆಗಳ ಕುಂಡಗಳಲ್ಲಿ ಬ್ರಹ್ಮಕಮಲ ಎಂದು ಕರೆಸಿಕೊಳ್ಳುವ ಹೂವು ಇನ್ನೂ ಹತ್ತಿರದ್ದು. ಹಿಮಾಲಯದ ಬ್ರಹ್ಮಕಮಲವಲ್ಲ ಅದು, ಮೆಕ್ಸಿಕೊ ಕಡೆಯಿಂದ ಬಂದ ಕಳ್ಳಿಯ ಜಾತಿ. ರಾತ್ರಿ ಎಂಟಕ್ಕೆ ಮೊಗ್ಗಿನ ಕತ್ತು ಮೇಲಕ್ಕೆ ಏಳುತ್ತದೆ, ಹನ್ನೊಂದರ ಹೊತ್ತಿಗೆ ಬಿಳಿಯ ದಳಗಳು ಪೂರ್ತಿ ಬಿಚ್ಚಿ ಇಡೀ ವರಾಂಡ ಘಮಘಮಿಸುತ್ತದೆ, ಪಕ್ಕದ ಮನೆಯವರು ನೈಟಿಯ ಮೇಲೆ ಶಾಲು ಹೊದ್ದು ನೋಡಲು ಬರುತ್ತಾರೆ, ಬೆಳಗಾದರೆ ಹೂವು ಒದ್ದೆ ಬಟ್ಟೆಯ ಹಾಗೆ ಜೋತಿರುತ್ತದೆ. 'ಬ್ರಹ್ಮಕಮಲ ಅರಳಿದ ಹಾಗೆ ಬಂದು ಹೋದ' ಎಂಬಲ್ಲಿ ವಿರಳತೆಯ ಜೊತೆಗೆ ಕ್ಷಣಿಕತೆಯೂ ಸಡಗರವೂ ಇವೆ. ಪ್ರೀತಿಯಿಂದ ಹೇಳುವ ಕಡೆ ನನಗೆ ಇದೇ ಇಷ್ಟ. ಕುಂಡವನ್ನು ನೋಡಿಯೇ ಇರದ ಊರಿನ ಓದುಗರಿಗೆ ಮಾತ್ರ ಇದು ದುಬಾರಿ.

ನನ್ನ ಸಬ್‌ಟೈಟಲ್ ಗೆಳೆಯನ ದೃಶ್ಯದಲ್ಲಿ ಇಷ್ಟೆಲ್ಲ ಖರ್ಚಿಗೆ ಅವಕಾಶವಿರಲಿಲ್ಲ. ವಿಡಿಯೊ ಕರೆಯಲ್ಲಿ ತಾಯಿ ಮಗನಿಗೆ 'ನೀನು ಫೋನ್ ಮಾಡುವುದು ಬ್ಲೂ ಮೂನ್‌ಗೊಮ್ಮೆ' ಎನ್ನುತ್ತಾಳೆ. ಪರದೆಯ ಮೇಲೆ ಆ ಸಾಲು ನಿಲ್ಲುವುದು ಎರಡೂವರೆ ಸೆಕೆಂಡು. ಅವನು ಎರಡು ಸಾಲು ಬರೆದು ತಂದಿದ್ದ. ಒಂದು, 'ಅಮಾವಾಸ್ಯೆಗೊಂದ್ಸಲ ಹುಣ್ಣಿಮೆಗೊಂದ್ಸಲ ಫೋನ್ ಮಾಡ್ತೀಯ'. ಇನ್ನೊಂದು, 'ಏನಪ್ಪಾ, ಅಪರೂಪ ಆಗ್ಬಿಟ್ಟೆ'. ಯಾವುದು ಸರಿ ಎಂದು ಕೇಳಿದ. ಅವಳ ಮುಖ ತೋರಿಸು ಎಂದೆ. ಅವನು ಲ್ಯಾಪ್‌ಟಾಪ್ ತಿರುಗಿಸಿ ಆ ತುಣುಕನ್ನು ಮೂರು ಸಲ ಓಡಿಸಿದ. ಮಾತು ಮುಗಿಸುವ ಮೊದಲೇ ಆಕೆ ಕನ್ನಡಕ ತೆಗೆದು ಸೆರಗಿನ ಹಾಗೆ ಕುತ್ತಿಗೆಯ ಬಟ್ಟೆಯಿಂದ ಗಾಜು ಒರೆಸಿ, ಮಗನ ಮುಖ ಚೆನ್ನಾಗಿ ಕಾಣಲೆಂದು ಮತ್ತೆ ಹಾಕಿಕೊಳ್ಳುತ್ತಾಳೆ. ಅವನು ಏನೂ ಕೇಳದೆ ಮೊದಲನೆಯ ಸಾಲನ್ನು ಅಳಿಸಿದ.